ಗ್ರಾಫ್ ಮೇಲಿನ ಆ ಸಣ್ಣ ಗೆರೆ ಯಾವುದರದ್ದು?

(ಗ್ರಾಫಿನ ಕಂಬದ ಮೇಲೆ ಎಳೆಯುವ ಗೆರೆ, ಅಂದರೆ ‘ಎರರ್ ಬಾರ್’ ಬಗ್ಗೆ ಉಡುಪಿಯಲ್ಲಿ ಪದವಿ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ. ಪರದೆ ಮೇಲೆ ತೋರಿಸಿದ ಕೋಡ್ ಅನ್ನು ಇಲ್ಲಿ ಮಾತಿನಲ್ಲೇ ಹೇಳಲಾಗಿದೆ.)

ಪರದೆ ಮೇಲಿನ ಗ್ರಾಫ್ ನೋಡಿ. ಎರಡು ಕಂಬ ಉಂಟು. ಒಂದರ ಕೆಳಗೆ ಮಲ್ಪೆ ಅಂತ ಬರೆದಿದೆ, ಇನ್ನೊಂದರ ಕೆಳಗೆ ಮಂಗಳೂರು ದಕ್ಕೆ. ಮಲ್ಪೆಯ ಬಂಗುಡೆಯ ಸರಾಸರಿ ಉದ್ದ 22 ಸೆಂಟಿಮೀಟರ್, ಮಂಗಳೂರಿನದ್ದು 24. ಇದು ಯಾವ ಸಮೀಕ್ಷೆಯ ಅಂಕಿಯೂ ಅಲ್ಲ, ಲೆಕ್ಕ ಸುಲಭ ಆಗಲಿ ಅಂತ ನಾನೇ ಬರೆದುಕೊಂಡು ಬಂದದ್ದು. ಹಾಗಾಗಿ ಮಲ್ಪೆಯವರು ಬೇಜಾರು ಮಾಡಿಕೊಳ್ಳಬೇಡಿ. ಈಗ ಹೇಳಿ, ಮಂಗಳೂರಿನ ಬಂಗುಡೆ ದೊಡ್ಡದಾ?

ಹಿಂದಿನ ಸಾಲಿನಿಂದ ‘ಹೌದು’ ಅಂತ ಬಂತು. ಎಷ್ಟು ಮೀನು ಅಳೆದದ್ದು ಅಂತ ಮಾತ್ರ ಯಾರೂ ಕೇಳಲಿಲ್ಲ. ತಪ್ಪು ನಿಮ್ಮದಲ್ಲ ಮಾರಾಯ್ರೆ, ಗ್ರಾಫಿನದ್ದು. ಕಂಬ ಅಷ್ಟು ಗಟ್ಟಿಯಾಗಿ ನಿಂತಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಎರಡು ಮೀನು ಅಳೆದರೂ ಅದೇ ಕಂಬ, ಎರಡು ಸಾವಿರ ಅಳೆದರೂ ಅದೇ ಕಂಬ.

ನಾನು ಬರೆದುಕೊಂಡದ್ದು ಒಂದೊಂದು ಕಡೆಗೆ ಹತ್ತು ಮೀನು. ಮಲ್ಪೆಯ ಹತ್ತು ಇವು: 19, 20, 21, 21, 22, 22, 23, 23, 24, 25. ಕೂಡಿಸಿದರೆ 220, ಸರಾಸರಿ 22. ಪ್ರತಿ ಮೀನು 22ರಿಂದ ಎಷ್ಟು ದೂರ ಇದೆ ಅಂತ ನೋಡಿ, ವರ್ಗ ಮಾಡಿ, ಕೂಡಿಸಿದರೆ 30. ಅದನ್ನು 9ರಿಂದ (ಮೀನಿನ ಸಂಖ್ಯೆಗಿಂತ ಒಂದು ಕಡಿಮೆ) ಭಾಗಿಸಿ ವರ್ಗಮೂಲ ತೆಗೆದರೆ 1.83, ಇದು ಸ್ಟ್ಯಾಂಡರ್ಡ್ ಡೀವಿಯೇಷನ್. ಇದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.58, ಇದು ಸ್ಟ್ಯಾಂಡರ್ಡ್ ಎರರ್. ಕೊನೆಗೆ ಇದಕ್ಕೆ 2.26 ಗುಣಿಸಿದರೆ 1.31. ಅಂದರೆ 22ರ ಕೆಳಗೆ 1.31, ಮೇಲೆ 1.31, ಹೆಚ್ಚುಕಡಿಮೆ 20.7ರಿಂದ 23.3. ಇದೇ ಶೇ. 95ರ ಕಾನ್ಫಿಡೆನ್ಸ್ ಇಂಟರ್‌ವಲ್.

ಆ 2.26 ಎಲ್ಲಿಂದ ಬಂತು? ಪುಸ್ತಕದಲ್ಲಿ 1.96 ಅಂತ ಓದಿದ್ದೀರಿ. ಅದು ತುಂಬಾ ಸ್ಯಾಂಪಲ್ ಇದ್ದಾಗ. ಹತ್ತೇ ಮೀನು ಇದ್ದಾಗ ಸ್ಟ್ಯಾಂಡರ್ಡ್ ಡೀವಿಯೇಷನ್ನೇ ನಮಗೆ ಸರಿಯಾಗಿ ಗೊತ್ತಿಲ್ಲ, ಅದನ್ನೂ ಅದೇ ಹತ್ತು ಮೀನಿನಿಂದ ಅಂದಾಜು ಮಾಡಿದ್ದೇವೆ. ಅದಕ್ಕೆ ಸ್ವಲ್ಪ ಜಾಸ್ತಿ ಅಗಲ ಕೊಡಬೇಕು. ಇದನ್ನು ಕಂಡುಹಿಡಿದವರು ವಿಲಿಯಂ ಗಾಸೆಟ್, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿಟ್ಟುಕೊಂಡು ಪ್ರಕಟಿಸಿದರು, ಅದಕ್ಕೇ ಇವತ್ತಿಗೂ ‘ಸ್ಟೂಡೆಂಟ್ಸ್ ಟಿ’ ಅನ್ನುವುದು. ಬಾರ್ಲಿಯ ಪ್ರಯೋಗದಲ್ಲಿ ನೂರಾರು ಸ್ಯಾಂಪಲ್ ಸಿಗುವುದಿಲ್ಲ, ನಾಲ್ಕೈದರಲ್ಲೇ ತೀರ್ಮಾನ ಮಾಡಬೇಕು. ನಿಮ್ಮ ಪ್ರಾಜೆಕ್ಟ್‌ಗಳ ಕಥೆಯೂ ಅದೇ ಅಲ್ವಾ?

ಇನ್ನೊಂದು ವಿಷಯ. ಹತ್ತರ ಬದಲು 40 ಮೀನು ಅಳೆದಿದ್ದರೆ, ಹರಡುವಿಕೆ ಅಷ್ಟೇ ಇದೆ ಅಂತ ಇಟ್ಟುಕೊಂಡರೆ, 1.31 ಇದ್ದದ್ದು 0.58ಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ಕೆಲಸ ಮಾಡಿದರೆ ಅಗಲ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ, ಅಷ್ಟೇ. ಕೆಲವರು ಕೇಳುತ್ತಾರೆ, ಬೇರೆ ಏನಾದರೂ ಬುದ್ಧಿವಂತ ಸೂತ್ರ ಹಾಕಿ ಇದನ್ನು ಇನ್ನೂ ಸಣ್ಣ ಮಾಡಬಹುದಾ ಅಂತ. ಅದಕ್ಕೊಂದು ಮಿತಿ ಉಂಟು ಎಂದು ತೋರಿಸಿದವರಲ್ಲಿ ಒಬ್ಬರು ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. 1945ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ. ಪಕ್ಷಪಾತ ಇಲ್ಲದ ಯಾವ ಅಂದಾಜಿನ ವಿಧಾನ ತಂದರೂ ಅದರ ಏರಿಳಿತ ಒಂದು ಮಟ್ಟಕ್ಕಿಂತ ಕೆಳಗೆ ಹೋಗುವುದಿಲ್ಲ ಅನ್ನುವುದು ಅದರ ತಿರುಳು. ಕ್ರಾಮೆರ್-ರಾವ್ ಮಿತಿ ಅಂತ ನಿಮ್ಮ ಪಠ್ಯದಲ್ಲೇ ಇರುತ್ತದೆ, ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟಿರುತ್ತೀರಿ.

ಸರಿ, ಕಂಬದ ಮೇಲೆ ಗೆರೆ ಎಳೆಯೋಣ. ಮೊದಲ ಪ್ರಶ್ನೆ: ಯಾವ ಗೆರೆ? ಒಂದೇ ಹತ್ತು ಮೀನಿಗೆ ನಾನು ಮೂರು ಗೆರೆ ಎಳೆಯಬಹುದು. ಸ್ಟ್ಯಾಂಡರ್ಡ್ ಡೀವಿಯೇಷನ್ ಎಳೆದರೆ ಎರಡೂ ಕಡೆ 1.83. ಸ್ಟ್ಯಾಂಡರ್ಡ್ ಎರರ್ ಎಳೆದರೆ 0.58. ಶೇ. 95ರ ಇಂಟರ್‌ವಲ್ ಎಳೆದರೆ 1.31. ಮೂರೂ ನೋಡಲಿಕ್ಕೆ ಒಂದೇ ಥರ, ತುದಿಯಲ್ಲಿ ಟೊಪ್ಪಿ ಇರುವ ಇಂಗ್ಲಿಷಿನ ‘ಐ’ ಅಕ್ಷರ. ಮೊದಲನೆಯದು ಮೀನುಗಳು ತಮ್ಮೊಳಗೆ ಎಷ್ಟು ಬೇರೆ ಬೇರೆ ಅಂತ ಹೇಳುತ್ತದೆ, ಎಷ್ಟೇ ಮೀನು ಅಳೆದರೂ ಅದು ಕುಗ್ಗುವುದಿಲ್ಲ. ಉಳಿದ ಎರಡು, ಸರಾಸರಿ ನಮಗೆ ಎಷ್ಟು ಚೆನ್ನಾಗಿ ಗೊತ್ತು ಅಂತ ಹೇಳುತ್ತವೆ. ಅಡಿಬರಹದಲ್ಲಿ ಬರೆಯದಿದ್ದರೆ ಓದುವವನಿಗೆ ಯಾವುದು ಅಂತ ಗೊತ್ತಾಗುವ ದಾರಿಯೇ ಇಲ್ಲ. ಸ್ಟ್ಯಾಂಡರ್ಡ್ ಎರರ್ ಹಾಕಿದರೆ ಗೆರೆ ಗಿಡ್ಡ, ಗ್ರಾಫ್ ಚೆಂದ ಕಾಣುತ್ತದೆ. ಅದಕ್ಕೇ ಜನ ಅದನ್ನು ಹಾಕುವುದು ಅಂತ ನನ್ನ ಗುಮಾನಿ.

ನೀವು ಆಯ್ಕೆ ಮಾಡದಿದ್ದರೆ ನಿಮ್ಮ ಪರವಾಗಿ ಸಾಫ್ಟ್‌ವೇರೇ ಆಯ್ಕೆ ಮಾಡುತ್ತದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಗ್ರಾಫ್ ಬಿಡಿಸುವ ಪ್ಯಾಕೇಜ್ ಜಿಜಿಪ್ಲಾಟ್‌ನ ‘ಸ್ಟ್ಯಾಟ್ ಸಮರಿ’ಗೆ ಏನೂ ಹೇಳದೆ ಬಿಟ್ಟರೆ ಅದು ಸರಾಸರಿ ಮತ್ತು ಒಂದು ಸ್ಟ್ಯಾಂಡರ್ಡ್ ಎರರ್ ಎಳೆಯುತ್ತದೆ. ಹಾಗೆ ಮಾಡಿದೆ ಅಂತ ಒಂದು ಸಾಲು ಸಂದೇಶವನ್ನೂ ಕೊಡುತ್ತದೆ, ನಾವು ಓದುವುದಿಲ್ಲ. ಪೈಥಾನ್ ಭಾಷೆಯ ಗ್ರಾಫ್ ಪ್ಯಾಕೇಜ್ ಸೀಬಾರ್ನ್‌ನಲ್ಲಿ ಬಾರ್‌ಪ್ಲಾಟ್ ಬರೆದರೆ ತಾನಾಗಿ ಶೇ. 95ರ ಇಂಟರ್‌ವಲ್ ಬರುತ್ತದೆ, ಅದೂ ಟಿ ಲೆಕ್ಕದ್ದಲ್ಲ, ಬೂಟ್‌ಸ್ಟ್ರ್ಯಾಪ್ ಎಂಬ ಬೇರೆ ವಿಧಾನದ್ದು, ಅದೇನು ಅಂತ ಮುಂದೆ ಹೇಳುತ್ತೇನೆ. ಬರೇ ಮ್ಯಾಟ್‌ಪ್ಲಾಟ್‌ಲಿಬ್ ಆದರೆ ಅದು ಏನೂ ಲೆಕ್ಕ ಮಾಡುವುದಿಲ್ಲ, ನೀವು ಕೊಟ್ಟ ಸಂಖ್ಯೆಯ ಉದ್ದಕ್ಕೆ ಗೆರೆ ಎಳೆದು ಕೈ ತೊಳೆದುಕೊಳ್ಳುತ್ತದೆ. ಒಂದೇ ಫೈಲು, ಮೂರು ಕಡೆ ಮೂರು ಗೆರೆ.

ಆರ್‌ನಲ್ಲಿ ನನಗೆ ಇಷ್ಟವಾದ ದಾರಿ ಹೇಳುತ್ತೇನೆ. ಮೊದಲು ಗುಂಪು ಮಾಡಿ ಸರಾಸರಿ, ಕೆಳಗಿನ ತುದಿ, ಮೇಲಿನ ತುದಿ ಮೂರನ್ನೂ ಒಂದು ಸಣ್ಣ ಕೋಷ್ಟಕ ಮಾಡಿಕೊಳ್ಳಿ. ತುದಿಗಳನ್ನು ‘ಟಿ ಟೆಸ್ಟ್’ ಫಂಕ್ಷನ್ನಿನಿಂದಲೇ ತೆಗೆಯಬಹುದು, ಅದರ ಉತ್ತರದೊಳಗೆ ಇಂಟರ್‌ವಲ್ ಕೂತಿರುತ್ತದೆ. ಆ ಕೋಷ್ಟಕವನ್ನು ಕಣ್ಣಾರೆ ನೋಡಿ. ಆಮೇಲೆ ‘ಜಿಯೋಮ್ ಪಾಯಿಂಟ್‌ರೇಂಜ್’ಗೆ ವೈ, ವೈ-ಮಿನ್, ವೈ-ಮ್ಯಾಕ್ಸ್ ಕೊಡಿ. ಒಂದು ಚುಕ್ಕೆ, ಅದರ ಮೂಲಕ ಒಂದು ಗೆರೆ. ಕಂಬ ಬೇಡ. ಬಂಗುಡೆಯ ಉದ್ದಕ್ಕೆ ಸೊನ್ನೆಯಿಂದ ಶುರುವಾಗುವ ಕಂಬ ಯಾಕೆ ಬೇಕು ಹೇಳಿ? ಕಂಬ ಹಾಕಿದರೆ ಗೆರೆಯ ಕೆಳಗಿನ ಅರ್ಧ ಬಣ್ಣದೊಳಗೆ ಮುಳುಗಿಹೋಗುತ್ತದೆ. ಹತ್ತೇ ಮೀನು ಇದ್ದರೆ ಆ ಹತ್ತು ಚುಕ್ಕೆಯನ್ನೂ ಹಿಂದೆ ತೆಳುವಾಗಿ ಹಾಕಿ, ಒಂದರ ಮೇಲೊಂದು ಕೂರದ ಹಾಗೆ ‘ಜಿಟ್ಟರ್’ ಕೊಟ್ಟರೆ ಆಯಿತು.

ಪೈಥಾನ್‌ನವರಿಗೆ ಎರಡು ಕಡೆ ಕಾಲು ಜಾರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ‘ಎರರ್‌ಬಾರ್’ಗೆ ಕೊಡುವ ‘ವೈ-ಎರ್’ ಅಂದರೆ ಸರಾಸರಿಯಿಂದ ಇರುವ ದೂರ, ತುದಿಯ ಬೆಲೆ ಅಲ್ಲ. 20.7 ಮತ್ತು 23.3 ಕೊಟ್ಟರೆ ಗೆರೆ ಸೊನ್ನೆಯ ಹತ್ತಿರದಿಂದ 45ರ ತನಕ ಓಡುತ್ತದೆ. ಇದು ಪರವಾಗಿಲ್ಲ, ಕಣ್ಣಿಗೆ ಕಾಣುವ ತಪ್ಪು. ಕಾಣದೇ ಇರುವುದು ಇನ್ನೊಂದು. ಲೆಕ್ಕದ ಪ್ಯಾಕೇಜ್ ನಮ್‌ಪೈನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯುವ ‘ಎಸ್‌ಟಿಡಿ’ ಸುಮ್ನೆ ಬಿಟ್ಟರೆ 9ರ ಬದಲು 10ರಿಂದ ಭಾಗಿಸುತ್ತದೆ, ನಮ್ಮ ಮೀನಿಗೆ 1.83 ಬದಲು 1.73 ಬರುತ್ತದೆ. ಪಾಂಡಾಸ್ ಎಂಬ ಇನ್ನೊಂದು ಪ್ಯಾಕೇಜಿನ ‘ಎಸ್‌ಟಿಡಿ’ 9ರಿಂದಲೇ ಭಾಗಿಸುತ್ತದೆ, ಆರ್ ಕೂಡ ಹಾಗೇ. ನಮ್‌ಪೈಯಲ್ಲಿ ಎಷ್ಟು ಕಳೆದು ಭಾಗಿಸಬೇಕು ಅಂತ ಹೇಳುವ ‘ಡಿಡಿಒಎಫ್’ ಅನ್ನು 1 ಅಂತ ಕೊಡಬೇಕು. ಹಳೆಯ ಸೀಬಾರ್ನ್ ಕೋಡ್ ಎಲ್ಲಿಂದಲಾದರೂ ಎತ್ತಿಕೊಂಡರೆ ‘ಸಿಐ’, ಅಂದರೆ ಕಾನ್ಫಿಡೆನ್ಸ್ ಇಂಟರ್‌ವಲ್, ಅಂತ ಇರುತ್ತದೆ. 2022ರಲ್ಲಿ ಬಂದ 0.12 ಆವೃತ್ತಿಯಿಂದ ಅದರ ಜಾಗಕ್ಕೆ ‘ಎರರ್‌ಬಾರ್’ ಬಂದಿದೆ. ಇದು ಒಳ್ಳೆಯ ಬದಲಾವಣೆ, ಯಾಕೆಂದರೆ ಎಸ್‌ಡಿಯಾ, ಎಸ್‌ಇಯಾ, ಸಿಐಯಾ ಅಂತ ಈಗ ಹೆಸರು ಹಿಡಿದು ಹೇಳಬಹುದು.

ಶೇ. 95 ಅಂದರೆ ಏನು? ‘ನಿಜವಾದ ಸರಾಸರಿ 20.7 ಮತ್ತು 23.3ರ ನಡುವೆ ಇರುವ ಸಂಭವ ಶೇ. 95’ ಅಂತ ಹೇಳುವವರೇ ಜಾಸ್ತಿ. 1937ರಲ್ಲಿ ಈ ಸಿದ್ಧಾಂತವನ್ನು ಪೂರ್ತಿಯಾಗಿ ಕಟ್ಟಿಕೊಟ್ಟ ಪೋಲಿಷ್ ಗಣಿತಜ್ಞ ಯೆರ್ಜಿ ನೇಮನ್ ಹೇಳಿದ್ದು ಅದಲ್ಲ. ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಮಾಡಿಯೇ ನೋಡುವುದು ವಾಸಿ. ಆರ್‌ನಲ್ಲಿ ‘ಆರ್‌ನಾರ್ಮ್’ ಬಳಸಿ, ಸರಾಸರಿ 22, ಡೀವಿಯೇಷನ್ 1.8 ಕೊಟ್ಟು, ಹತ್ತು ಮೀನು ಹುಟ್ಟಿಸಿ. ಇಂಟರ್‌ವಲ್ ತೆಗೆಯಿರಿ. ಇದನ್ನು ನೂರು ಸಲ ಮಾಡಿ, ನೂರು ಗೆರೆಯನ್ನು ಒಂದರ ಮೇಲೊಂದು ಅಡ್ಡ ಹಾಕಿ, ನಡುವೆ 22ರಲ್ಲಿ ಒಂದು ನೇರ ಗೆರೆ ಎಳೆಯಿರಿ. 22 ಅನ್ನು ಮುಟ್ಟದ ಗೆರೆಗಳಿಗೆ ಕೆಂಪು ಬಣ್ಣ.

ಈಗ ಪರದೆ ಮೇಲೆ ಓಡಿಸುತ್ತಾ ಇದ್ದೇನೆ, ನೋಡಿ. ಕೆಂಪು ಬೆರಳೆಣಿಕೆಯಷ್ಟು. ಮತ್ತೆ ಓಡಿಸಿದರೆ ಬೇರೆ ಸಂಖ್ಯೆ ಬರುತ್ತದೆ. ಸರಾಸರಿ ಐದು, ಆದರೆ ಒಂದು ಸಲ ಮೂರು, ಒಂದು ಸಲ ಎಂಟು ಬಂದರೂ ಗಾಬರಿ ಬೇಡ. ಗಮನಿಸಿ, 22 ಕೂತಲ್ಲೇ ಕೂತಿದೆ, ಅಲುಗಾಡುವುದು ಗೆರೆಗಳು. ಶೇ. 95 ಅನ್ನುವುದು ಈ ವಿಧಾನಕ್ಕೆ ಕೊಟ್ಟ ಅಂಕ, ನಿಮ್ಮ ಕೈಯಲ್ಲಿರುವ ಒಂದು ಗೆರೆಗೆ ಕೊಟ್ಟದ್ದಲ್ಲ. ನಿಮ್ಮದು ಆ ಕೆಂಪಿನ ಪೈಕಿ ಆಗಿರಲೂಬಹುದು, ಅದರ ಮೇಲೆ ಬಣ್ಣ ಬಳಿದು ಯಾರೂ ಕೊಡುವುದಿಲ್ಲ. ನಂಬಿಕೆಯ ಸಂಭವವೇ ಬೇಕು ಅನ್ನುವವರಿಗೆ ಬೇಯ್ಸ್ ದಾರಿ ಬೇರೆ ಉಂಟು, ಇವತ್ತು ಅದಕ್ಕೆ ಕೈ ಹಾಕುವುದಿಲ್ಲ.

ಈಗ ಮಲ್ಪೆ-ಮಂಗಳೂರಿಗೆ ಬರೋಣ. ಮಂಗಳೂರಿನ ಹತ್ತು ಮೀನಿನ ಹರಡುವಿಕೆಯೂ ಅಷ್ಟೇ ಅಂತ ಬರೆದುಕೊಂಡಿದ್ದೇನೆ. ಮಲ್ಪೆ 20.7ರಿಂದ 23.3, ಮಂಗಳೂರು 22.7ರಿಂದ 25.3. ಗೆರೆಗಳು ಒಂದರ ಪಕ್ಕ ಒಂದು ನಿಂತಾಗ ಸ್ವಲ್ಪ ಭಾಗ ಎರಡಕ್ಕೂ ಸಮಾನ. ಹಾಗಾದರೆ ವ್ಯತ್ಯಾಸ ಇಲ್ಲ? ಈ ಸಲ ಹಿಂದಿನ ಸಾಲು ‘ಇಲ್ಲ’ ಅನ್ನುತ್ತಿದೆ.

ವ್ಯತ್ಯಾಸಕ್ಕೇ ಇಂಟರ್‌ವಲ್ ತೆಗೆಯೋಣ. ವ್ಯತ್ಯಾಸ 2. ಅದರ ಸ್ಟ್ಯಾಂಡರ್ಡ್ ಎರರ್ 0.58 ಮತ್ತು 0.58 ಕೂಡಿಸಿ 1.16 ಅಲ್ಲ, ವರ್ಗ ಮಾಡಿ ಕೂಡಿಸಿ ವರ್ಗಮೂಲ, 0.82. ಈಗ ಎರಡೂ ಕಡೆಯ ಇಪ್ಪತ್ತು ಮೀನು ಸೇರಿದ್ದರಿಂದ ಟಿ ಬೆಲೆ 2.10. ಗುಣಿಸಿದರೆ 1.72. ಅಂದರೆ ವ್ಯತ್ಯಾಸ 0.28ರಿಂದ 3.72ರ ನಡುವೆ, ಸೊನ್ನೆ ಅದರೊಳಗೆ ಇಲ್ಲ. ಗೆರೆಗಳು ಒಂದರೊಳಗೊಂದು ನುಗ್ಗಿದ್ದರೂ ವ್ಯತ್ಯಾಸ ಉಂಟು ಅಂತ ಲೆಕ್ಕ ಹೇಳುತ್ತಿದೆ! ಎರಡು ಗೆರೆ ಪೂರ್ತಿ ದೂರ ಇದ್ದರೆ ವ್ಯತ್ಯಾಸ ಉಂಟು ಅನ್ನುವುದು ಸರಿ, ತಾಗಿದರೆ ಇಲ್ಲ ಅನ್ನುವುದು ಸರಿಯಲ್ಲ. ವಿದ್ಯಾರ್ಥಿಗಳು ಮಾತ್ರ ಇಲ್ಲಿ ಎಡವುವುದು ಅಂತ ತಿಳಿಯಬೇಡಿ. 2005ರಲ್ಲಿ ಸಂಶೋಧಕರನ್ನೇ ಪರೀಕ್ಷಿಸಿ ನೋಡಿದಾಗ ಅವರಲ್ಲಿ ತುಂಬಾ ಜನ ಈ ಗೆರೆಗಳನ್ನು ತಪ್ಪಾಗಿ ಓದಿದ್ದರು. ಹೋಲಿಕೆಯೇ ನಿಮ್ಮ ಪ್ರಶ್ನೆ ಆಗಿದ್ದರೆ ಪಕ್ಕದಲ್ಲಿ ಇನ್ನೊಂದು ಸಣ್ಣ ಗ್ರಾಫ್ ಮಾಡಿ, ಅದರಲ್ಲಿ ವ್ಯತ್ಯಾಸದ ಒಂದೇ ಚುಕ್ಕೆ, ಒಂದೇ ಗೆರೆ, ಸೊನ್ನೆಯಲ್ಲಿ ಒಂದು ಚುಕ್ಕಿಗೆರೆ. ಓದುವವನು ಮನಸ್ಸಲ್ಲೇ ವರ್ಗಮೂಲ ತೆಗೆಯಲಿ ಅಂತ ಬಿಡಬೇಡಿ.

ಮುಂದಿನದ್ದು ಪಟ್ಟಿ, ಅಂದರೆ ಗೆರೆಯ ಸುತ್ತ ಬರುವ ಬಣ್ಣದ ಪಟ್ಟೆ. ಬಂಗುಡೆಯ ಉದ್ದ ಎಕ್ಸ್‌ನಲ್ಲಿ, ತೂಕ ವೈನಲ್ಲಿ. ಜಿಜಿಪ್ಲಾಟ್‌ನಲ್ಲಿ ‘ಜಿಯೋಮ್ ಸ್ಮೂತ್’ ಅಂತ ಬರೆದರೆ ನೀಲಿ ಗೆರೆಯೂ ಅದರ ಸುತ್ತ ಬೂದು ಪಟ್ಟಿಯೂ ಬರುತ್ತದೆ. ಆ ಬೂದು ಪಟ್ಟಿಯೇ ಶೇ. 95ರ ಇಂಟರ್‌ವಲ್. ಸಾವಿರಕ್ಕಿಂತ ಕಡಿಮೆ ಅಂಕಿ ಇದ್ದರೆ ಅದು ‘ಲೋಯೆಸ್’ ಎಂಬ ಬಳುಕುವ ಗೆರೆ ಹಾಕುತ್ತದೆ, ನೇರ ಗೆರೆ ಬೇಕಿದ್ದರೆ ‘ಎಲ್‌ಎಂ’ ಅಂತ ನೀವೇ ಹೇಳಬೇಕು. ಪಟ್ಟಿ ನಡುವೆ ಸಪೂರ, ಎರಡು ತುದಿಯಲ್ಲಿ ಅಗಲ. ಅಂಕಿಗಳ ಸರಾಸರಿಯ ಹತ್ತಿರ ಗೆರೆ ಗಟ್ಟಿ ಇರುತ್ತದೆ, ದೂರ ಹೋದ ಹಾಗೆ ಇಳಿಜಾರಿನ ಅನುಮಾನವೂ ಸೇರಿಕೊಳ್ಳುತ್ತದೆ.

ಒಬ್ಬರು ಕೈ ಎತ್ತಿ ಕೇಳಿದರು, ‘ಸರ್, ಅರ್ಧಕ್ಕರ್ಧ ಚುಕ್ಕೆಗಳು ಪಟ್ಟಿಯ ಹೊರಗೇ ಇದ್ದಾವಲ್ಲ, ಮತ್ತೆ ಶೇ. 95 ಎಂತದ್ದು?’ ಒಳ್ಳೆಯ ಪ್ರಶ್ನೆ. ಆ ಪಟ್ಟಿ ಮೀನಿನದ್ದಲ್ಲ, ಗೆರೆಯದ್ದು. ಇಷ್ಟು ಉದ್ದದ ಬಂಗುಡೆಗಳ ಸರಾಸರಿ ತೂಕ ಎಲ್ಲಿರಬಹುದು ಅಂತ ಅಷ್ಟೇ ಅದು ಹೇಳುತ್ತದೆ. ನಾಳೆ ಬುಟ್ಟಿಯಿಂದ ಎತ್ತುವ ಒಂದು ಮೀನು ಎಲ್ಲಿರಬಹುದು ಅನ್ನುವುದಕ್ಕೆ ಪ್ರಿಡಿಕ್ಷನ್ ಇಂಟರ್‌ವಲ್ ಬೇಕು. ಆರ್‌ನಲ್ಲಿ ‘ಪ್ರೆಡಿಕ್ಟ್’ ಫಂಕ್ಷನ್‌ಗೆ ಇಂಟರ್‌ವಲ್ ಅಂದರೆ ‘ಕಾನ್ಫಿಡೆನ್ಸ್’ ಅಂತಲೂ ಕೊಡಬಹುದು, ‘ಪ್ರಿಡಿಕ್ಷನ್’ ಅಂತಲೂ ಕೊಡಬಹುದು. ಎರಡರ ಅಗಲ ಎಷ್ಟು ಬೇರೆ ಅಂತ ನಮ್ಮ ಹತ್ತು ಮೀನಿನಲ್ಲೇ ನೋಡಿ. ಸರಾಸರಿಗೆ 20.7ರಿಂದ 23.3, ಮುಂದಿನ ಒಂದು ಮೀನಿಗೆ 17.7ರಿಂದ 26.3. ‘ಜಿಯೋಮ್ ಸ್ಮೂತ್’ ಎರಡನೆಯದನ್ನು ಕೊಡುವುದಿಲ್ಲ. ‘ಪ್ರೆಡಿಕ್ಟ್’ ಕೊಟ್ಟ ತುದಿಗಳನ್ನು ‘ಜಿಯೋಮ್ ರಿಬ್ಬನ್’ಗೆ ಹಾಕಿ, ಬಣ್ಣ ತೆಳು ಮಾಡಿ, ರಿಬ್ಬನ್ ಮೊದಲು, ಗೆರೆ ಆಮೇಲೆ. ಪದರಗಳು ಬರೆದ ಕ್ರಮದಲ್ಲೇ ಕೂರುವುದರಿಂದ ತಲೆಕೆಳಗಾದರೆ ಪಟ್ಟಿ ಗೆರೆಯ ಮೇಲೆ ಬೀಳುತ್ತದೆ. ಪೈಥಾನ್‌ನಲ್ಲಿ ಸ್ಟ್ಯಾಟ್ಸ್‌ಮಾಡೆಲ್ಸ್‌ನ ‘ಗೆಟ್ ಪ್ರಿಡಿಕ್ಷನ್’ ಎರಡೂ ಜೋಡಿಯನ್ನು ಒಂದೇ ಕೋಷ್ಟಕದಲ್ಲಿ ಕೊಡುತ್ತದೆ, ಮತ್ತೆ ಪಟ್ಟಿಗೆ ಬಣ್ಣ ತುಂಬಲಿಕ್ಕೆ ‘ಫಿಲ್ ಬಿಟ್ವೀನ್’ ಇದ್ದೇ ಇದೆ.

ಇಲ್ಲೇ ಇನ್ನೊಂದು ಗುಂಡಿ. ಗ್ರಾಫ್ ಹಿಗ್ಗಿಸಿ ನೋಡಲಿಕ್ಕೆ ವೈ ಅಕ್ಷಕ್ಕೆ ಮಿತಿ ಹಾಕುವ ‘ವೈಲಿಮ್’ ಹಾಕುತ್ತೀರಿ. ಜಿಜಿಪ್ಲಾಟ್‌ನಲ್ಲಿ ಅದು ಮಿತಿಯ ಹೊರಗಿನ ಚುಕ್ಕೆಗಳನ್ನು ಮೊದಲೇ ಬಿಸಾಡಿ ಆಮೇಲೆ ಗೆರೆ ಲೆಕ್ಕ ಹಾಕುತ್ತದೆ. ಪಟ್ಟಿಯೇ ಬದಲಾಗುತ್ತದೆ! ಬರೇ ಹಿಗ್ಗಿಸುವುದಿದ್ದರೆ ಮಿತಿಯನ್ನು ‘ಕೋಆರ್ಡ್ ಕಾರ್ಟೀಶಿಯನ್’ ಒಳಗೆ ಕೊಡಿ.

ತೂಕ, ಬೆಲೆ ಇಂಥವು ಒಂದೇ ಕಡೆಗೆ ಬಾಲ ಬೆಳೆಸಿಕೊಂಡಿರುತ್ತವೆ. ಕೆಲವೇ ಅಂಕಿ ಇದ್ದಾಗ ಮೇಲೆ ಕೆಳಗೆ ಸಮ ಗೆರೆ ಎಳೆದರೆ ಕೆಳತುದಿ ಸೊನ್ನೆಯ ಕೆಳಗೆ ಹೋಗಿ, ಮೈನಸ್ ತೂಕದ ಮೀನು ಸಿಕ್ಕಿಬಿಡುತ್ತದೆ. ಲಾಗ್ ತೆಗೆದು ಇಂಟರ್‌ವಲ್ ಮಾಡಿ ಮತ್ತೆ ಹಿಂದಕ್ಕೆ ತರಬಹುದು, ಆದರೆ ಆಗ ನಿಮ್ಮ ಕೈಯಲ್ಲಿರುವುದು ಗುಣೋತ್ತರ ಸರಾಸರಿಯದ್ದು. ಇಲ್ಲವೇ ಬ್ರಾಡ್ಲಿ ಎಫ್ರಾನ್ 1979ರಲ್ಲಿ ಕೊಟ್ಟ ಬೂಟ್‌ಸ್ಟ್ರ್ಯಾಪ್ ಬಳಸಬಹುದು. ಇದ್ದ ಅಂಕಿಗಳಿಂದಲೇ, ಎತ್ತಿದ್ದನ್ನು ಮತ್ತೆ ಹಾಕಿ, ಸಾವಿರ ಸಲ ಅಷ್ಟೇ ದೊಡ್ಡ ಸ್ಯಾಂಪಲ್ ಎತ್ತಿ, ಪ್ರತಿ ಸಲದ ಸರಾಸರಿ ಬರೆದುಕೊಂಡು, ನಡುವಿನ ಶೇ. 95 ಇಟ್ಟುಕೊಳ್ಳುವುದು. ಗೆರೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಬಂದರೆ ಅದೇ ಸರಿ. ಐದಾರು ಅಂಕಿಗೆ ಮಾತ್ರ ಇದನ್ನು ನಂಬಬೇಡಿ, ಅಗಲ ತೀರಾ ಕಡಿಮೆ ಬರುತ್ತದೆ.

ಶೇಕಡಾವಾರು ಅಂಕಿಗೆ ಬೇರೆಯದೇ ಜಾಗ್ರತೆ ಬೇಕು. ಶಂಕರಪುರದ ಕಡೆ 20 ಮಲ್ಲಿಗೆ ಗಿಡ ನೋಡಿದಿರಿ, ಒಂದಕ್ಕೂ ರೋಗ ಇಲ್ಲ ಅಂತ ಇಟ್ಟುಕೊಳ್ಳಿ. ಪಠ್ಯದ ಸೂತ್ರ ಹಾಕಿದರೆ ಸೊನ್ನೆಯ ಮೇಲೆ ಸೊನ್ನೆ, ಕೆಳಗೆ ಸೊನ್ನೆ. ರೋಗವೇ ಇಲ್ಲ ಅಂತ ಗ್ರಾಫ್ ಸಾರುತ್ತದೆ. ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರ ಹಾಕಿ ನೋಡಿ, ಮೇಲಿನ ತುದಿ ಶೇ. 16! ಆರ್‌ನ ‘ಪ್ರಾಪ್ ಟೆಸ್ಟ್’ನಲ್ಲಿ ‘ಕರೆಕ್ಟ್’ ಅನ್ನು ಫಾಲ್ಸ್ ಮಾಡಿದರೆ ಸಿಗುವುದು ಇದೇ.

ಇಲ್ಲಿಯ ತನಕ ಹೇಳಿದ್ದೆಲ್ಲ ಸೂತ್ರದ ಮಾತು. ನನಗೆ ಇದಕ್ಕಿಂತ ಜಾಸ್ತಿ ತಲೆನೋವು ಕೊಡುವುದು ಮೀನು ಎಲ್ಲಿಂದ ಬಂತು ಅನ್ನುವುದು. ದಕ್ಕೆಗೆ ಹೋಗಿ ಸುತ್ತುಬಲೆ ಹಾಕುವ ಒಂದು ಪರ್ಸೀನ್ ಬೋಟಿನ ಒಂದು ಬುಟ್ಟಿಯಿಂದ 40 ಬಂಗುಡೆ ಅಳೆದು ತಂದರೆ ಕಂಪ್ಯೂಟರಿಗೆ ಎನ್, ಅಂದರೆ ಸ್ಯಾಂಪಲ್ ಸಂಖ್ಯೆ, 40. ಅದು ಖುಷಿಯಿಂದ 0.58ರ ಗೆರೆ ಎಳೆಯುತ್ತದೆ. ಆದರೆ ಆ ಮೀನುಗಳು ಒಂದೇ ಬಲೆಗೆ ಒಟ್ಟಿಗೆ ಬಿದ್ದವು, ಬಂಗುಡೆ ಗುಂಪಲ್ಲಿ ಓಡಾಡುವ ಮೀನು, ಒಂದು ಗುಂಪಿನವು ಹೆಚ್ಚುಕಡಿಮೆ ಒಂದೇ ಅಳತೆ. ಪಕ್ಕದ ಬೋಟಿನಲ್ಲಿ ಬೇರೆ ಗುಂಪು, ಬೇರೆ ಅಳತೆ. ಮಂಗಳೂರಿನ ಬಂಗುಡೆಯ ಬಗ್ಗೆ ಮಾತಾಡಲಿಕ್ಕೆ ಹೊರಟರೆ ನಿಮ್ಮ ಹತ್ತಿರ ಇರುವುದು ಒಂದೇ ಬೋಟು. ನಾಲ್ಕು ಬೋಟಿನಿಂದ ಹತ್ತು ಹತ್ತು ಎತ್ತಿದ್ದರೆ ಬೋಟಿಗೊಂದು ಸರಾಸರಿ ತೆಗೆದು ಆ ನಾಲ್ಕು ಸಂಖ್ಯೆಗೆ ಇಂಟರ್‌ವಲ್ ಮಾಡಿ. ಟಿ ಬೆಲೆ 3.18ಕ್ಕೆ ಏರುತ್ತದೆ, ಗೆರೆ ಉದ್ದ ಆಗುತ್ತದೆ, ನಿಮ್ಮ ಗೈಡ್ ಮುಖ ಸಪ್ಪೆ ಆಗಬಹುದು. ಆದರೂ ಅದೇ ಸತ್ಯವಾದ ಗೆರೆ. ಸೀಬಾರ್ನ್‌ನಲ್ಲಿ ‘ಯೂನಿಟ್ಸ್’ ಅಂತ ಒಂದು ಆಯ್ಕೆ ಉಂಟು, ಅದಕ್ಕೆ ಬೋಟಿನ ಅಂಕಣ ಕೊಟ್ಟರೆ ಬೂಟ್‌ಸ್ಟ್ರ್ಯಾಪ್ ಮಾಡುವಾಗ ಬೋಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆರ್‌ನಲ್ಲಿ ಬೋಟಿನಿಂದ ಬೋಟಿಗೆ ಇರುವ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ಮಿಕ್ಸೆಡ್ ಮಾಡೆಲ್ ಹಾಕುತ್ತಾರೆ.

ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕರಾವಳಿಗೆ ಬರುವ ಮೀನಿನ ಲೆಕ್ಕ ಹಾಕುವುದೂ ಎಲ್ಲ ಬೋಟು ತೂಗಿ ಅಲ್ಲ. ಪ್ರದೇಶ, ಕಾಲ ಎರಡನ್ನೂ ವಿಂಗಡಿಸಿ, ಹಂತ ಹಂತವಾಗಿ ಜಾಗ, ದಿನ, ಬೋಟು ಆರಿಸಿ ಸ್ಯಾಂಪಲ್ ತೆಗೆಯುತ್ತಾರೆ. ಪೇಪರಿನಲ್ಲಿ ಬರುವ ಇಷ್ಟು ಲಕ್ಷ ಟನ್ ಅನ್ನುವುದು ಅಂದಾಜು, ಅದಕ್ಕೂ ಒಂದು ಅಗಲ ಇರುತ್ತದೆ. ಹೋದ ವರ್ಷಕ್ಕಿಂತ ಸ್ವಲ್ಪ ಕಡಿಮೆ ಆಯಿತು ಅಂತ ಹೆಡ್‌ಲೈನ್ ನೋಡಿದಾಗ ಆ ಅಗಲ ಎಷ್ಟು ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಇನ್ನು ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಿಂಗಳವಾರು ಗ್ರಾಫಿನಲ್ಲಿ ಆ 61 ದಿನದ ಮೇಲೂ ಬೂದು ಪಟ್ಟಿ ಆರಾಮವಾಗಿ ಹರಿದುಹೋಗಿದ್ದರೆ ಅದು ಸಾಫ್ಟ್‌ವೇರ್ ಹಿಡಿದ ಮೀನು. ಮುಂಗಾರಿನ ಮುಂಚೆ, ನಂತರ ಅಂತ ಎರಡು ಗುಂಪು ಮಾಡಿ ಗೆರೆ ಕಡಿದುಬಿಡಿ.

ಕೊನೆಗೆ ಬಂದ ಪ್ರಶ್ನೆ, ಇಷ್ಟೆಲ್ಲ ಆರ್, ಪೈಥಾನ್ ಯಾಕೆ, ಎಕ್ಸೆಲ್‌ನಲ್ಲಿ ಒಂದು ಕ್ಲಿಕ್‌ಗೆ ಎರರ್ ಬಾರ್ ಬರುತ್ತದಲ್ಲ ಅಂತ. ಬರುತ್ತದೆ. ಅಲ್ಲಿ ‘ಪರ್ಸೆಂಟೇಜ್’ ಅಂತ ಇರುವುದು ಕಂಬದ ಎತ್ತರದ ಶೇ. 5, ನಿಮ್ಮ ಮೀನಿಗೂ ಅದಕ್ಕೂ ಸಂಬಂಧವೇ ಇಲ್ಲ. ‘ಸ್ಟ್ಯಾಂಡರ್ಡ್ ಎರರ್’ ಒತ್ತಿದರೆ ಅದು ನಿಮ್ಮ ಹತ್ತು ಮೀನನ್ನು ನೋಡುವುದೇ ಇಲ್ಲ, ಗ್ರಾಫಿನಲ್ಲಿರುವ 22 ಮತ್ತು 24 ಎಂಬ ಎರಡೇ ಸಂಖ್ಯೆಯಿಂದ ಲೆಕ್ಕ ಮಾಡಿ ಎರಡು ಕಂಬಕ್ಕೂ ಒಂದೇ ಉದ್ದದ ಗೆರೆ ಹಾಕುತ್ತದೆ. ಎಕ್ಸೆಲ್‌ನಲ್ಲೇ ಮಾಡಬೇಕಿದ್ದರೆ ಒಂದು ಖಾಲಿ ಅಂಕಣದಲ್ಲಿ ‘ಕಾನ್ಫಿಡೆನ್ಸ್ ಡಾಟ್ ಟಿ’ ಫಂಕ್ಷನ್ ಬರೆದು, 0.05, ಡೀವಿಯೇಷನ್, ಮೀನಿನ ಸಂಖ್ಯೆ ಕೊಡಿ. ನಮ್ಮ ಲೆಕ್ಕಕ್ಕೆ 1.31 ಬರಬೇಕು. ಮತ್ತೆ ಎರರ್ ಬಾರ್‌ನಲ್ಲಿ ‘ಕಸ್ಟಮ್’ ಆರಿಸಿ, ಪ್ಲಸ್‌ಗೂ ಮೈನಸ್‌ಗೂ ಆ ಅಂಕಣವನ್ನೇ ತೋರಿಸಿ.